ಮೆಡ್ಟ್ನರ್ ಜೊತೆ ಏಳು ವಾರ: ಕೇಳಿದ್ದು, ನುಡಿಸಲು ಕಲಿತದ್ದು

ಮೊದಲ ವಾರ

ಈ ಕೆಲಸ ಶುರುವಾಗಿದ್ದು ಒಂದು ಅರ್ಪಣೆಯ ಸಾಲಿನಿಂದ. ರಷ್ಯಾದ ಸಂಯೋಜಕ ನಿಕೊಲಾಯ್ ಮೆಡ್ಟ್ನರ್ ಅವರ ಮೂರನೇ ಪಿಯಾನೋ ಕಾನ್ಚೆರ್ಟೋ (ಆರ್ಕೆಸ್ಟ್ರಾ ಜೊತೆ ಪಿಯಾನೋ ನುಡಿಸುವ ದೊಡ್ಡ ರಚನೆ) ಕೇಳುತ್ತಿದ್ದೆ. ಅದನ್ನು ಯಾರಿಗೆ ಅರ್ಪಿಸಿದ್ದಾರೆ ಅಂತ ನೋಡಿದರೆ, ಮೈಸೂರು ಮಹಾರಾಜರಿಗೆ! ಜಯಚಾಮರಾಜ ಒಡೆಯರ್. ಶ್ರೀವಿದ್ಯಾ ಅಂಕಿತದ ಅವರ 94 ಕೃತಿಗಳಲ್ಲಿ ಕೆಲವನ್ನು ಅಮ್ಮ ಅಡುಗೆಮನೆಯಲ್ಲಿ ಗುನುಗುವುದನ್ನು ಕೇಳಿಕೊಂಡೇ ನಾನು ಬೆಳೆದವನು. ಅವರು ಪಿಯಾನೋ ಕಲಿತಿದ್ದರು ಅಂತ ಗೊತ್ತಿತ್ತು. ಲಂಡನ್ನಿನಲ್ಲಿ ಮೂಲೆಗೆ ಸರಿದಿದ್ದ ಒಬ್ಬ ಮುದಿ ಸಂಯೋಜಕರ ಸಂಗೀತವನ್ನು ರೆಕಾರ್ಡ್ ಮಾಡಿಸಿ ಉಳಿಸಿದ್ದು ಅವರೇ ಅಂತ ಗೊತ್ತಿರಲಿಲ್ಲ. ಆ ರಾತ್ರಿ ಬಹಳ ಹೊತ್ತು ನಿದ್ದೆ ಬರಲಿಲ್ಲ.

ಹಾಗಾಗಿ ಎರಡು ಕೆಲಸ ಹಾಕಿಕೊಂಡೆ. ಮೆಡ್ಟ್ನರ್ ತಾವೇ ನುಡಿಸಿದ ರೆಕಾರ್ಡುಗಳನ್ನು ಹಳೆಯದರಿಂದ ಶುರುಮಾಡಿ ಒಂದೊಂದಾಗಿ ಕೇಳುವುದು. ಅವರ ಒಂದು ಚಿಕ್ಕ ರಚನೆಯನ್ನು ಮನೆಯ ಡಿಜಿಟಲ್ ಪಿಯಾನೋದಲ್ಲಿ ಕಲಿಯುವುದು. ದಿನಕ್ಕೆ ಒಂದು ಗಂಟೆ, ಅರ್ಧ ಅದಕ್ಕೆ, ಅರ್ಧ ಇದಕ್ಕೆ. ಆರಿಸಿಕೊಂಡದ್ದು ಓಪಸ್ 26ರ, ಅಂದರೆ ಅವರ ಕೃತಿಗಳ ಪಟ್ಟಿಯ 26ನೇ ಗುಂಪಿನ, ಮೂರನೆಯದು, ಎಫ್ ಮೈನರ್.

ಎರಡನೇ ವಾರ

ಈ ವಾರ ನುಡಿಸಿದ್ದು ಕಡಿಮೆ, ಓದಿದ್ದು ಜಾಸ್ತಿ.

ಮೆಡ್ಟ್ನರ್ ಹುಟ್ಟಿದ್ದು ಮಾಸ್ಕೋದಲ್ಲಿ, ಜರ್ಮನ್ ಮೂಲದ ಮನೆಯಲ್ಲಿ, 1880ರ ಜನವರಿ 5ರಂದು. ರಷ್ಯಾದ ಹಳೆ ಪಂಚಾಂಗದಲ್ಲಿ ಅದು 1879ರ ಡಿಸೆಂಬರ್ 24. ಮಾಸ್ಕೋ ಕನ್ಸರ್ವೇಟರಿಯಲ್ಲಿ ಸಫೋನೊವ್ ಅವರ ಹತ್ತಿರ ಪಿಯಾನೋ ಕಲಿತು 1900ರಲ್ಲಿ ಹೊರಬಂದರು. ಊರೂರು ಸುತ್ತಿ ಕಛೇರಿ ಮಾಡಿದ್ದರೆ ದೊಡ್ಡ ಹೆಸರು ಸಿಗುತ್ತಿತ್ತು. ಅವರು ಸಂಯೋಜನೆಯನ್ನೇ ಹಿಡಿದರು. ಬರೆದದ್ದರಲ್ಲಿ ಪಿಯಾನೋ ಇಲ್ಲದ ರಚನೆ ಒಂದೂ ಇಲ್ಲ ಅನ್ನಬಹುದು. 14 ಪಿಯಾನೋ ಸೊನಾಟಾ, ಮೂರು ಕಾನ್ಚೆರ್ಟೋ, ನೂರಕ್ಕೂ ಮಿಕ್ಕಿ ಹಾಡುಗಳು, ಮತ್ತೆ 'ಸ್ಕಾಜ್ಕಾ' ಅನ್ನುವ ಚಿಕ್ಕ ರಚನೆಗಳು. ನಾನು ಆರಿಸಿಕೊಂಡದ್ದೂ ಅಂಥ ಒಂದು ಸ್ಕಾಜ್ಕಾವೇ.

ರಷ್ಯಾದ ಹೆಸರಾಂತ ಸಂಯೋಜಕ, ಪಿಯಾನೋ ವಾದಕ ರಾಖ್ಮನಿನೋವ್ ಮೆಡ್ಟ್ನರ್ ಅವರ ಆಪ್ತ ಗೆಳೆಯ. ರಾಖ್ಮನಿನೋವ್ ತಮ್ಮ ನಾಲ್ಕನೇ ಕಾನ್ಚೆರ್ಟೋವನ್ನು ಮೆಡ್ಟ್ನರ್‌ಗೆ ಅರ್ಪಿಸಿದರು, ಮೆಡ್ಟ್ನರ್ ತಮ್ಮ ಎರಡನೆಯದನ್ನು ಅವರಿಗೆ. ಇಬ್ಬರೂ ಕ್ರಾಂತಿಯ ನಂತರ ರಷ್ಯಾ ಬಿಟ್ಟವರೇ. ಆದರೆ ರಾಖ್ಮನಿನೋವ್‌ಗೆ ಅಮೆರಿಕ ಒಲಿಯಿತು. ಮೆಡ್ಟ್ನರ್‌ಗೆ ಯಾವ ಊರೂ ಒಲಿಯಲಿಲ್ಲ. 1921ರಲ್ಲಿ ಹೊರಟು, ಮೊದಲು ಜರ್ಮನಿ, ಆಮೇಲೆ ಪ್ಯಾರಿಸ್ ಹತ್ತಿರ, ಕೊನೆಗೆ 1930ರ ದಶಕದ ನಡುವಿನಲ್ಲಿ ಲಂಡನ್ನಿನ ಗೋಲ್ಡರ್ಸ್ ಗ್ರೀನ್. ಅಷ್ಟು ಹೊತ್ತಿಗೆ ಯುರೋಪಿನ ಸಂಗೀತ ಬೇರೆ ದಾರಿ ಹಿಡಿದಿತ್ತು. ಇವರು ಹಳೆಯ ರೊಮ್ಯಾಂಟಿಕ್ ದಾರಿಯನ್ನು ಬಿಡಲೇ ಇಲ್ಲ. ಅದು ಹಟ ಅಂತ ನನಗೆ ಅನ್ನಿಸುವುದಿಲ್ಲ. ಆ ಭಾಷೆಯಲ್ಲಿ ಹೇಳುವುದು ಅವರಿಗೆ ಇನ್ನೂ ಬೇಕಾದಷ್ಟಿತ್ತು.

ಮೂರನೇ ವಾರ

ಕೇಳಲು ಶುರು. ಮೊದಲು ಸಿಗುವುದು ಗ್ರಾಮಫೋನ್ ತಟ್ಟೆ ಅಲ್ಲ, ಕಾಗದದ ಸುರುಳಿ. 1923ರಲ್ಲಿ ವೆಲ್ಟೆ ಮಿನ್ಯೋನ್ ಕಂಪನಿಗೆ ಮೆಡ್ಟ್ನರ್ ತಮ್ಮ ಕೆಲವು ರಚನೆಗಳನ್ನು ನುಡಿಸಿಕೊಟ್ಟರು. ಕಲಾವಿದ ಒತ್ತಿದ ಕೀಲಿಗಳೆಲ್ಲ ಕಾಗದದ ಮೇಲೆ ತೂತುಗಳಾಗುತ್ತವೆ. ಆ ಸುರುಳಿಯನ್ನು ಗಾಳಿಯ ಒತ್ತಡದಿಂದ ನಡೆಯುವ ಪಿಯಾನೋಗೆ ಹಾಕಿದರೆ ಕೀಲಿಗಳು ತಾವಾಗಿಯೇ ಕೆಳಗಿಳಿಯುತ್ತವೆ. ಹಾಗಾಗಿ ಇವತ್ತು ನಮ್ಮ ಕಿವಿಗೆ ಬೀಳುವ ಸದ್ದು 1923ರದ್ದಲ್ಲ, ಇತ್ತೀಚೆಗೆ ಯಾರೋ ಸರಿಪಡಿಸಿ ನಿಲ್ಲಿಸಿದ ಪಿಯಾನೋದ್ದು. ಯಾವ ಸ್ವರ ಯಾವಾಗ ಬಂತು ಅನ್ನುವುದು ಮೆಡ್ಟ್ನರ್‌ದೇ. ಆದರೆ ಬೆರಳಿನ ತೂಕ ಎಷ್ಟಿತ್ತು ಅನ್ನುವುದು ಆ ಯಂತ್ರವನ್ನು ಹೇಗೆ ಹೊಂದಿಸಿದ್ದಾರೆ ಅನ್ನುವುದರ ಮೇಲೆ ನಿಂತಿದೆ. ಸುರುಳಿಗಳನ್ನು ಎರಡೆರಡು ಸಲ ಕೇಳಿ ಮುಂದೆ ಹೋದೆ.

1930ರ ದಶಕದಲ್ಲಿ ಎಚ್‌ಎಂವಿ ರೆಕಾರ್ಡ್ ಕಂಪನಿಗೆ ನುಡಿಸಿದ ತಟ್ಟೆಗಳಲ್ಲಿ ಮನುಷ್ಯ ಸಿಕ್ಕಿದರು. ಅಷ್ಟರಲ್ಲಿ ಮೈಕ್ ಬಂದಿತ್ತು, ಸದ್ದು ಹಿಡಿಯುವ ತುತ್ತೂರಿಯ ಎದುರು ಜೋರಾಗಿ ನುಡಿಸುವ ಕಾಲ ಮುಗಿದಿತ್ತು. ನನಗೆ ಮೊದಲು ಸಿಕ್ಕ ಪ್ರತಿಯಲ್ಲಿ ಮಾತ್ರ ಯಾರೋ ಚರಚರ ಸದ್ದನ್ನು ತೆಗೆಯಲು ಹೋಗಿ ಸ್ವರಗಳ ಬಾಲವನ್ನೇ ಕತ್ತರಿಸಿಬಿಟ್ಟಿದ್ದರು. ಪಿಯಾನೋಗೆ ಉಸಿರೇ ಇರಲಿಲ್ಲ. ಮೂರು ದಿನ ಅದನ್ನೇ ಕೇಳಿ, ಇವರ ನುಡಿಸಾಣಿಕೆ ಒಣಕಲು ಅಂತ ಪುಸ್ತಕದಲ್ಲಿ ಬರೆದುಕೊಂಡಿದ್ದೆ. ಆಮೇಲೆ ಚರಚರ ಹಾಗೇ ಉಳಿಸಿಕೊಂಡ ಇನ್ನೊಂದು ಪ್ರತಿ ಸಿಕ್ಕಿತು. ಮಳೆ ಬರುವಾಗ ಪಕ್ಕದ ಮನೆಯಲ್ಲಿ ಯಾರೋ ನುಡಿಸುವ ಹಾಗೆ. ಐದು ನಿಮಿಷದಲ್ಲಿ ಮಳೆ ಮರೆತುಹೋಯಿತು. ಬರೆದದ್ದನ್ನು ಹೊಡೆದುಹಾಕಿದೆ. ಹಳೆಯ ತಟ್ಟೆ ಕೇಳುವವರಿಗೆ ನನ್ನ ಸಲಹೆ ಇಷ್ಟೇ: ಸದ್ದು ಜಾಸ್ತಿ ಇರುವ ಪ್ರತಿಯನ್ನೇ ಹುಡುಕಿ.

ನಾಲ್ಕನೇ ವಾರ

ಸ್ಕಾಜ್ಕಾ ಅನ್ನುವ ಪದದ ಹತ್ತಿರವೇ ಈ ವಾರ ಕಳೆಯಿತು. ಇಂಗ್ಲಿಷಿನವರು ಅದಕ್ಕೆ ಕಿನ್ನರಿಯರ ಕಥೆ ಅನ್ನುವ ಅರ್ಥದ ಹೆಸರು ಕೊಟ್ಟಿದ್ದಾರೆ. ಆದರೆ ಬಹುಪಾಲು ಸ್ಕಾಜ್ಕಾಗಳಲ್ಲಿ ಕಿನ್ನರಿಯರೇ ಇಲ್ಲ. ರಷ್ಯನ್ನರಿಗೆ ಅದು ಬಾಯಿಂದ ಬಾಯಿಗೆ ಬಂದ ಕಥೆ. ನಮ್ಮ ಅಜ್ಜಿಕಥೆ ಇದಕ್ಕೆ ಎಷ್ಟೋ ಹತ್ತಿರ. ಓಪಸ್ 51ರ ಗುಂಪನ್ನು ಮೆಡ್ಟ್ನರ್ ಸಿಂಡ್ರೆಲಾಗೂ ಪೆದ್ದ ಇವಾನನಿಗೂ ಅರ್ಪಿಸಿದ್ದಾರೆ. ಆ ಪೆದ್ದ ಇವಾನ ನಮ್ಮ ಕಥೆಗಳ ಕಿರಿಯ ಮಗನ ಹಾಗೆ. ಎಲ್ಲರೂ ದಡ್ಡ ಅಂತಾರೆ, ಕೊನೆಗೆ ಗೆಲ್ಲುವವನು ಅವನೇ.

ನಾನು ಕಲಿಯುತ್ತಿರುವುದರ ತಲೆಯ ಮೇಲೆ ಇಟಾಲಿಯನ್ನಿನಲ್ಲಿ 'ನರ್ರಾಂತೆ ಆ ಪಿಯಾಚೆರೆ' ಅಂತ ಬರೆದಿದೆ. ಕಥೆ ಹೇಳುವ ಹಾಗೆ, ಮನಸ್ಸಿಗೆ ಬಂದ ಹಾಗೆ ಅಂತ ಅರ್ಥ. ನಾನೋ ಮೆಟ್ರೊನೋಮ್ (ಟಿಕ್ ಟಿಕ್ ಅಂತ ತಾಳ ಕೊಡುವ ಯಂತ್ರ) ಹಾಕಿಕೊಂಡು ಕೂತಿದ್ದೆ. ಮೊದಲ ಪುಟ ತಪ್ಪಿಲ್ಲದೆ ಬರುತ್ತಿತ್ತು, ಆದರೆ ಯಾರೋ ಸಾಮಾನಿನ ಚೀಟಿ ಓದಿದ ಹಾಗೆ ಕೇಳುತ್ತಿತ್ತು. ಮೆಟ್ರೊನೋಮ್ ಆರಿಸಿದೆ. ಆಗ ಎಲ್ಲ ಕಡೆ ಎಳೆಯಲು ಶುರುಮಾಡಿದೆ, ಅದು ಇನ್ನೂ ಕೆಟ್ಟದಾಯಿತು.

ಮತ್ತೆ ಮೆಡ್ಟ್ನರ್ ಹತ್ತಿರ ಹೋದೆ. ಅವರು ಎಳೆಯುವುದೇ ಇಲ್ಲ! ಲಯ ಗಟ್ಟಿಯಾಗಿದೆ, ಸಾಲಿನ ಕೊನೆಗೆ ಬಂದು ಕಣ್ಣೀರು ಹಾಕುವುದಿಲ್ಲ. ಮಾತಿನ ನಡುವೆ ಮಾತ್ರ ಸಣ್ಣದಾಗಿ ತಡೆಯುತ್ತಾರೆ. ನನ್ನ ಅಜ್ಜಿ ಹಾಗೇ ಕಥೆ ಹೇಳುತ್ತಿದ್ದಳು. ರಾಜಕುಮಾರ ಸತ್ತ ಅನ್ನುವುದನ್ನೂ ಬಾವಿಯಿಂದ ನೀರು ಸೇದಿದ ಅನ್ನುವ ಧಾಟಿಯಲ್ಲೇ ಹೇಳಿ, ಸುಮ್ನೆ ಒಂದು ಕ್ಷಣ ನಿಲ್ಲುತ್ತಿದ್ದಳು. ನಾವು ಹೂಂ ಅಂದರೆ ಮಾತ್ರ ಕಥೆ ಮುಂದಕ್ಕೆ. ಹೂಂಗುಟ್ಟುವುದು ನಿಂತರೆ ಕಥೆಯೂ ನಿಲ್ಲುತ್ತಿತ್ತು. ಈಗ ಸಾಲು ಸಾಲಿನ ನಡುವೆ ಮನಸ್ಸಿನಲ್ಲೇ ಹೂಂ ಅಂದುಕೊಂಡು ಮುಂದೆ ಹೋಗುತ್ತೇನೆ. ಇದೊಂದರಿಂದ ನನಗಾದ ಲಾಭ ಇಡೀ ತಿಂಗಳ ಅಭ್ಯಾಸದಿಂದಲೂ ಆಗಿರಲಿಲ್ಲ.

ಐದನೇ ವಾರ, ಆರನೇ ವಾರ

ಒಂದು ವಾರ ಊರಲ್ಲಿರಲಿಲ್ಲ. ಹಾಗಾಗಿ ಎರಡನ್ನೂ ಸೇರಿಸಿ ಬರೆಯುತ್ತಿದ್ದೇನೆ.

ಎರಡನೇ ಮಹಾಯುದ್ಧ ಬಂದಾಗ ಮೆಡ್ಟ್ನರ್‌ಗೆ ಜರ್ಮನಿಯ ಪ್ರಕಾಶಕರಿಂದ ಬರುತ್ತಿದ್ದ ಹಣ ನಿಂತಿತು. ಬಾಂಬ್ ದಾಳಿಯ ಕಾಲದಲ್ಲಿ ಅವರಿಗೂ ಹೆಂಡತಿ ಆನ್ನಾಗೂ ಜಾಗ ಕೊಟ್ಟವರು ಪಿಯಾನೋ ವಾದಕಿ ಎಡ್ನಾ ಐಲ್ಸ್. ಅಲ್ಲೇ ಹೃದಯಾಘಾತವಾಯಿತು. ಚೇತರಿಸಿಕೊಂಡು ಮೂರನೇ ಕಾನ್ಚೆರ್ಟೋ ಮುಗಿಸಿದರು. 1944ರಲ್ಲಿ ಲಂಡನ್ನಿನ ರಾಯಲ್ ಆಲ್ಬರ್ಟ್ ಹಾಲ್‌ನಲ್ಲಿ ತಾವೇ ನುಡಿಸಿದರು. ಆಗ ವಯಸ್ಸು 64.

ಆಮೇಲೆ ಬಂದದ್ದು ಮೈಸೂರಿನ 'ಹೂಂ'. 1946ರಲ್ಲಿ ಎಚ್‌ಎಂವಿಯ ನಿರ್ಮಾಪಕ ವಾಲ್ಟರ್ ಲೆಗ್ ಅವರಿಗೆ ಮಹಾರಾಜರಿಂದ ಕರೆ ಹೋಯಿತು. ಒಡೆಯರಿಗೆ ಆಗ ಇನ್ನೂ 30 ತುಂಬಿರಲಿಲ್ಲ, ಹುಟ್ಟಿದ್ದು 1919ರಲ್ಲಿ. ಮೆಡ್ಟ್ನರ್ ಅವರ ಕಾನ್ಚೆರ್ಟೋಗಳು, ಹಾಡುಗಳು, ಚೇಂಬರ್ ಸಂಗೀತ (ಕೆಲವೇ ವಾದ್ಯಗಳ ರಚನೆಗಳು) ಎಲ್ಲವನ್ನೂ ರೆಕಾರ್ಡ್ ಮಾಡಲು ಹಣ ಕೊಡಲು ಒಪ್ಪಿದರು. ಜೊತೆಗೆ ಲೆಗ್ ಆಗಷ್ಟೇ ಕಟ್ಟಿದ್ದ ಫಿಲ್‌ಹಾರ್ಮೋನಿಯಾ ಆರ್ಕೆಸ್ಟ್ರಾಗೆ ಮೂರು ವರ್ಷ ವರ್ಷಕ್ಕೆ 10,000 ಪೌಂಡ್. ಲಂಡನ್ನಿನಲ್ಲಿ ಮೆಡ್ಟ್ನರ್ ಸೊಸೈಟಿ ಹುಟ್ಟಿತು, ಮೂರು ಸಂಪುಟಗಳಲ್ಲಿ ತಟ್ಟೆಗಳು ಹೊರಬಂದವು. ಸಂಯೋಜಕರು ಬದುಕಿರುವಾಗಲೇ, ಅವರದೇ ಕೈಯಿಂದ!

1947ರಲ್ಲಿ ಮೂರೂ ಕಾನ್ಚೆರ್ಟೋಗಳ ರೆಕಾರ್ಡಿಂಗ್ ಆಯಿತು. ಮೊದಲನೆಯದಕ್ಕೆ ಆರ್ಕೆಸ್ಟ್ರಾ ನಿರ್ದೇಶಕರು ಜಾರ್ಜ್ ವೆಲ್ಡನ್, ಉಳಿದೆರಡಕ್ಕೆ ಇಸ್ಸಾಯ್ ದೊಬ್ರೊವೆನ್. ಇನ್ನೂ ಟೇಪ್ ಬಂದಿರದ ಕಾಲ. ತಟ್ಟೆಯ ಒಂದು ಬದಿಗೆ ನಾಲ್ಕೂವರೆ ನಿಮಿಷದ ಆಸುಪಾಸು ಹಿಡಿದರೆ ಹೆಚ್ಚು. ನುಡಿಸು, ನಿಲ್ಲು, ಮತ್ತೆ ಅದೇ ಕಾವಿನಲ್ಲಿ ಮುಂದುವರಿಸು. ತಪ್ಪಿದರೆ ಕತ್ತರಿಸಿ ಅಂಟಿಸುವ ಹಾಗಿಲ್ಲ, ಆ ಬದಿಯನ್ನು ಮತ್ತೆ ಮೊದಲಿಂದ ನುಡಿಸಬೇಕು. ಹೃದಯ ಸೋತ, 67 ವರ್ಷದ ಮನುಷ್ಯ ಇದನ್ನು ಮಾಡಿದರು ಅಂತ ಎರಡನೇ ಕಾನ್ಚೆರ್ಟೋದ ಮೊದಲ ಭಾಗವನ್ನು ಕೇಳಿದರೆ ನಂಬಲು ಕಷ್ಟ. ಅದಕ್ಕೆ ತೊಕ್ಕಾಟಾ ಅಂತ ಹೆಸರು. ಬೆರಳುಗಳು ಸುತ್ತಿಗೆಯ ಹಾಗೆ ಬೀಳುತ್ತಲೇ ಇರುತ್ತವೆ. ಕೆಲವು ಕಡೆ ಸ್ವರ ಜಾರಿದೆ, ಓಟ ನಿಂತಿಲ್ಲ.

ಹಾಡುಗಳನ್ನು ಕೇಳಲು ಮೂರು ಸಂಜೆ ಹಿಡಿಯಿತು. ಓಡಾ ಸ್ಲೊಬೊಡ್ಸ್ಕಾಯಾ ಹಾಡಿದವು ನನಗೆ ಹೆಚ್ಚು ಹಿಡಿಸಿದವು. 1950ರಲ್ಲಿ ಎಲಿಜಬೆತ್ ಶ್ವಾರ್ಟ್ಸ್‌ಕಾಪ್ಫ್ ಹಾಡಿದವು ಧ್ವನಿಯಲ್ಲಿ ಇನ್ನೂ ನಯವಾಗಿವೆ. ಎರಡಕ್ಕೂ ಪಿಯಾನೋ ಮೆಡ್ಟ್ನರ್ ಅವರದೇ. ಪಿಯಾನೋ ವಾದಕ ಬೆನೋ ಮೊಯಿಸೆಯಿವಿಚ್ ಜೊತೆ ಎರಡು ಪಿಯಾನೋಗಳಲ್ಲಿ ನುಡಿಸಿದ ರಷ್ಯನ್ ಸುತ್ತುಕುಣಿತ ಒಂದಿದೆ. ಇಬ್ಬರು ಹಳೆಯ ಗೆಳೆಯರು ಜಗಲಿಯಲ್ಲಿ ಕೂತು ಹರಟಿದ ಹಾಗೆ. ಅದನ್ನು ಎಷ್ಟು ಸಲ ಕೇಳಿದೆನೋ ಲೆಕ್ಕ ಇಟ್ಟಿಲ್ಲ.

ಮೆಡ್ಟ್ನರ್ ತೀರಿಕೊಂಡದ್ದು 1951ರ ನವೆಂಬರ್ 13ರಂದು. ಯೌವನದಲ್ಲಿ ಶುರುಮಾಡಿ ದಶಕಗಟ್ಟಲೆ ಇಟ್ಟುಕೊಂಡಿದ್ದ ಪಿಯಾನೋ ಕ್ವಿಂಟೆಟ್ (ಐದು ವಾದ್ಯಗಳ ರಚನೆ) ಅನ್ನು ಅಷ್ಟರಲ್ಲಿ ಮುಗಿಸಿಯೂ ಇದ್ದರು.

ಏಳನೇ ವಾರ

ಸ್ಕಾಜ್ಕಾ ಕೊನೆಯವರೆಗೂ ಕೈಗೆ ಬಂದಿದೆ, ಆದರೆ ನಿಧಾನ ಗತಿಯಲ್ಲಿ. ಒಳದನಿಗಳೇ ಕಷ್ಟ. ಮೇಲಿನ ರಾಗ ಹಾಡುತ್ತಿರುವಾಗಲೇ ಅದೇ ಕೈಯ ಒಳಬೆರಳುಗಳು ಇನ್ನೊಂದು ಮಾತು ಆಡಬೇಕು. ಹೆಬ್ಬೆರಳು ಭಾರವಾಗಿ ಬಿದ್ದರೆ ರಾಗ ಮುಳುಗುತ್ತದೆ. ರಾಗವನ್ನು ಬಿಟ್ಟು ಒಳದನಿಯನ್ನು ಮಾತ್ರ ನುಡಿಸುತ್ತಾ, ಮೇಲಿನದ್ದನ್ನು ಬಾಯಲ್ಲಿ ಹಾಡುವುದು ಈಗಿನ ಅಭ್ಯಾಸ. ಬಲಗೈಯ ಬೆರಳ ಸಂಖ್ಯೆಗಳನ್ನು ಎರಡು ಕಡೆ ಬದಲಾಯಿಸಿಕೊಂಡೆ.

ನಿನ್ನೆ ಸಂಜೆ ಅಮ್ಮನನ್ನು ಕೂರಿಸಿ ನುಡಿಸಿದೆ. ಇದನ್ನು ಬರೆದವರಿಗೆ ನಮ್ಮ ಮಹಾರಾಜರು ಹಣ ಕೊಟ್ಟಿದ್ದರಮ್ಮ ಅಂತ ಮೊದಲೇ ಹೇಳಿದ್ದೆ. ಮೊದಲ ಸಾಲು ಮುಗಿದು ನಾನು ತಡೆದಾಗ, ಅವಳು ಕೇಳಿಯೂ ಕೇಳದ ಹಾಗೆ "ಹೂಂ" ಅಂದಳು. ನಾನು ಅವಳಿಗೆ ಅದನ್ನು ಹೇಳಿಕೊಟ್ಟಿರಲಿಲ್ಲ.

ಮುಂದಿನ ವಾರ ಗತಿ ಏರಿಸಬೇಕು, ಮಧ್ಯದ ಪುಟದ ಎಡಗೈ ಗಟ್ಟಿಮಾಡಬೇಕು. ಕೇಳುವುದರಲ್ಲಿ ಒಂದು ವಯಲಿನ್ ಸೊನಾಟಾ ಬಾಕಿ ಇದೆ.