ಗಿರಣಿಯ ಗೇಟು ಇದ್ದ ಜಾಗ

ಸೊಲ್ಲಾಪುರದ ಸಿದ್ಧರಾಮೇಶ್ವರ ಜಾತ್ರೆಯಲ್ಲಿ ಎಣ್ಣೆಮಜ್ಜನದ ದಿನ ನಂದಿಧ್ವಜಗಳ ಹಿಂದೆ 68 ಲಿಂಗಗಳ ದರ್ಶನಕ್ಕೆ ಹೊರಡುವುದು ನಮ್ಮ ಮನೆಯ ರೂಢಿ. ಮರಾಠಿ ಪತ್ರಿಕೆಗಳೂ ಈ ವಿಧಿಯನ್ನು ‘ಯಣ್ಣಿಮಜ್ಜನ’ ಎಂದೇ ಬರೆಯುವುದರಿಂದ, ಊರಿನ ಬೋರ್ಡುಗಳಲ್ಲಿ ಕಾಣದ ಕನ್ನಡ ವರ್ಷಕ್ಕೊಮ್ಮೆ ಹೀಗೆ ಅಚ್ಚಾಗುತ್ತದೆ. ಈ ಸಲ ಎಂಬತ್ತು ದಾಟಿದ ಸೋದರಮಾವ ಮೊಣಕಾಲು ನೋವೆಂದು ಅರ್ಧದಾರಿಯಲ್ಲಿಯೇ ಮೆರವಣಿಗೆಯಿಂದ ಪಕ್ಕಕ್ಕೆ ಸರಿದು, “ತಮ್ಮಾ, ರಿಕ್ಷಾ ಹಿಡಿ, ಜುನಿ ಗಿರಣಿ ಕಡೆ ಹಾಯ್ದು ಮನಿಗೆ ಹೋಗೂಣು” ಎಂದರು.

ರಿಕ್ಷಾದ ಹುಡುಗನಿಗೆ ‘ಜುನಿ ಮಿಲ್ ಕಂಪೌಂಡ್’, ಅಂದರೆ ಹಳೆಯ ಗಿರಣಿಯ ಆವರಣ, ಗೊತ್ತಿತ್ತು. ಅಲ್ಲೊಂದು ಗಿರಣಿ ಇತ್ತೆಂಬುದನ್ನು ಅವನು ಯೋಚಿಸಿದಂತೆ ಕಾಣಲಿಲ್ಲ. 1877ರಲ್ಲಿ ನೂಲು ತೆಗೆಯಲು ಆರಂಭಿಸಿದ ಆ ಗಿರಣಿಯನ್ನು ಸ್ಥಾಪಿಸಿದವರು ಮುಂಬಯಿಯ ಮುರಾರಜಿ ಗೋಕುಳದಾಸರು. ಮುರಾರಜಿ ಪೇಟೆಯ ಹೆಸರಿನಲ್ಲಿ ಅವರು ಇನ್ನೂ ಇದ್ದಾರೆ. 1949ರಲ್ಲಿ ಗಿರಣಿ ಬಂದಾದಾಗ ಮಾಮಾ ಇನ್ನೂ ಚಿಕ್ಕ ಹುಡುಗ. ಮರುವರ್ಷದ ಜನವರಿಯಲ್ಲಿ ಕೇಂದ್ರ ಸರಕಾರವು ಸುಗ್ರೀವಾಜ್ಞೆ ಹೊರಡಿಸಿ ಆಡಳಿತವನ್ನು ವಹಿಸಿಕೊಂಡಿತು. ಅದನ್ನು ಪ್ರಶ್ನಿಸಿದ ಷೇರುದಾರರ ವ್ಯಾಜ್ಯವು ಸುಪ್ರೀಂ ಕೋರ್ಟಿನವರೆಗೆ ಹೋಯಿತು. ಕಾನೂನು ಓದುವವರಿಗೆ ಅದು ಸಂವಿಧಾನದ ಆರಂಭದ ವರ್ಷಗಳ ಒಂದು ಮುಖ್ಯ ಪ್ರಕರಣ. ಮಾಮಾನಿಗೆ ಮಾತ್ರ ಅದು ದುಡಿಯುವ ವಯಸ್ಸಿನ ತಂದೆ ಹಾಡಹಗಲಲ್ಲಿ ಮನೆಯ ಕಟ್ಟೆಯ ಮೇಲೆ ಕುಳಿತಿದ್ದ ವರ್ಷ.

ದಾರಿಯುದ್ದಕ್ಕೂ ಅವರು ಹೆಚ್ಚು ಮಾತನಾಡಿದ್ದು ಭೋಂಗಾದ, ಅಂದರೆ ಗಿರಣಿಯ ಸೈರನ್ನಿನ ಬಗ್ಗೆ. ಪಾಳಿ ಬದಲಾಗುವ ಮುನ್ನ ಕೂಗುತ್ತಿದ್ದ ಅದರ ಮೇಲೆಯೇ ಓಣಿಯ ಹೆಂಗಸರು ಒಲೆ ಹೊತ್ತಿಸಿ, ರೊಟ್ಟಿ ಬಡಿದು, ಬುತ್ತಿ ಕಟ್ಟುತ್ತಿದ್ದರಂತೆ. ಗಿರಣಿಯಲ್ಲಿ ಯಾರೂ ದುಡಿಯದ ಮನೆಗಳೂ ಅದರ ಕೂಗಿಗೇ ಏಳುತ್ತಿದ್ದವಂತೆ. ಒಂದೊಂದು ಗಿರಣಿಯ ದನಿ ಒಂದೊಂದು ತರಹ ಎಂದು ಹೇಳಿ, ಮಾಮಾ ಅವುಗಳನ್ನು ಬಾಯಿಂದ ಕೂಗಿ ತೋರಿಸಿದರು. ರಿಕ್ಷಾದವನು ಹಿಂತಿರುಗಿ ನೋಡಿ ನಕ್ಕ.

ನಾಲ್ವರು ಹುತಾತ್ಮರ ಪ್ರತಿಮೆಗಳಿರುವ ಚಾರ್ ಪುತಳಾ ಚೌಕದಲ್ಲಿ ಗಾಡಿ ನಿಧಾನವಾಯಿತು. 1931ರ ಜನವರಿ 12ರಂದು ಯೆರವಡಾ ಜೈಲಿನಲ್ಲಿ ಗಲ್ಲಿಗೇರಿದ ಮಲ್ಲಪ್ಪ ಧನಶೆಟ್ಟಿ, ಕುರ್ಬಾನ್ ಹುಸೇನ್, ಜಗನ್ನಾಥ ಶಿಂಧೆ, ಕಿಸನ್ ಸಾರಡಾ ಅವರಿಗೆ ಮಾಮಾ ಕುಳಿತಲ್ಲಿಂದಲೇ ಕೈಮುಗಿದರು.

ನನ್ನ ಕಾಲದ ಗುರುತು ಬೇರೆ. ಊರಿಗೆ ಮರಳುವಾಗಲೆಲ್ಲ ನಾನು ಕಣ್ಣಿನಿಂದ ಹುಡುಕುತ್ತಿದ್ದುದು ಸಿದ್ಧೇಶ್ವರ ಸಕ್ಕರೆ ಕಾರಖಾನೆಯ ವಿದ್ಯುತ್ ಘಟಕದ ಚಿಮಣಿಯನ್ನು. ವಿಮಾನಗಳಿಗೆ ಅಡ್ಡಿಯೆಂದು 2023ರ ಜೂನ್ 15ರಂದು ಅದನ್ನು ಸ್ಫೋಟಿಸಿ ಕೆಡವಿದರು. ಆ ದೃಶ್ಯವನ್ನು ನಾನು ಮೊಬೈಲಿನಲ್ಲಿ ಎಷ್ಟೋ ಸಲ ನೋಡಿದ್ದೇನೆ, ಏಕೆಂದು ಕೇಳಿದರೆ ಹೇಳಲಾರೆ. ಮಾಮಾನಿಗೆ ಮಾತ್ರ ಆ ಚಿಮಣಿ ‘ಮೊನ್ನಿ ಮೊನ್ನಿ ಎದ್ದದ್ದು’.

“ದೊಡ್ಡ ಗೇಟಿನ ಮುಂದ ನಿಲ್ಲಸು” ಎಂದು ಮಾಮಾ ಮರಾಠಿ ಮರೆತು ಕನ್ನಡದಲ್ಲಿಯೇ ಹೇಳಿದರು. ಯಾವ ಗೇಟೂ ಕಾಣದ ಹುಡುಗ ಅಂದಾಜಿನ ಮೇಲೆ ಒಂದು ಮೊಬೈಲ್ ಅಂಗಡಿಯ ಮುಂದೆ ನಿಲ್ಲಿಸಿದ. ಮಾಮಾ ನನ್ನ ಭುಜ ಹಿಡಿದು ಇಳಿದರು, ಅತ್ತಿತ್ತ ನೋಡಿದರು. “ಇಲ್ಲಲ್ಲೋ, ಇನ್ನೊಂದ್ ಹತ್ತ್ ಹೆಜ್ಜಿ ಮುಂದ” ಎಂದವರೇ ಆ ಹತ್ತು ಹೆಜ್ಜೆಗಳನ್ನು, ಮೊಣಕಾಲು ನೋವಿನಲ್ಲಿಯೂ, ಎಣಿಸುತ್ತ ನಡೆದರು.