ಹೆಸರು ಗೊತ್ತಿಲ್ಲದ ಪರಿಚಯದವರು

2024ರ ಜನವರಿಯಲ್ಲಿ ಪುತ್ತಿಗೆ ಪರ್ಯಾಯ ನೋಡಲೆಂದೇ ಮುಂಬೈಯಿಂದ ಊರಿಗೆ ಬಂದಿದ್ದೆ. ಅದಕ್ಕೊಂದು ಕಾರಣ ಉಂಟು. ಉಡುಪಿಯ ಎಂಜಿಎಂ ಕಾಲೇಜಿನಲ್ಲಿ ಡಿಗ್ರಿ ಓದುವಾಗ, 1992ರಲ್ಲಿ, ಗೆಳೆಯರೆಲ್ಲ ಸೇರಿ ರಾತ್ರಿಯಿಡೀ ನಿದ್ದೆಗೆಟ್ಟು ನೋಡಿದ್ದು ಪುತ್ತಿಗೆ ಪರ್ಯಾಯವನ್ನೇ. ಪರ್ಯಾಯ ಎಂದರೆ ಕೃಷ್ಣಮಠದ ಪೂಜೆಯ ಹೊಣೆಯ ಸರದಿ. ಎಂಟು ಮಠ, ಒಂದೊಂದಕ್ಕೆ ಎರಡು ವರ್ಷ. ಹದಿನಾರು ವರ್ಷಕ್ಕೊಮ್ಮೆ ಸರದಿ. 2008ರಲ್ಲಿ ರಜೆ ಸಿಗಲಿಲ್ಲ. ಈ ಸಲ ಬಿಡಲಿಲ್ಲ. ಪೀಠ ಏರಿದ್ದು ಅದೇ ಸುಗುಣೇಂದ್ರ ತೀರ್ಥರು, ಅವರ ನಾಲ್ಕನೆಯ ಪರ್ಯಾಯ. ಅದೇ ವರ್ಷ ನಮ್ಮ ಕಾಲೇಜಿಗೂ 75 ತುಂಬುವುದಿತ್ತು.

ನಾನು ಊರು ಬಿಟ್ಟಾಗ ಉಡುಪಿ ಇನ್ನೂ ದಕ್ಷಿಣ ಕನ್ನಡದಲ್ಲೇ ಇತ್ತು. ಜಿಲ್ಲೆಯಾದದ್ದು 1997ರಲ್ಲಿ, ಮರುವರ್ಷ ಕೊಂಕಣ ರೈಲು ಪೂರ್ತಿಯಾಯಿತು. ಅದಕ್ಕೆ ಮೊದಲು ಬೊಂಬಾಯಿ ಎಂದರೆ ಬಸ್ಸು, ಸೊಂಟನೋವು, ಅಮ್ಮ ಕಟ್ಟಿಕೊಟ್ಟ ಬುತ್ತಿ. ಈಗ ಇಂದ್ರಾಳಿಯಲ್ಲಿ ಇಳಿದರೆ ಕಾಲೇಜು ಕೂಗಳತೆ ದೂರ. ಆದರೆ ಕಾಲೇಜಿನೆದುರಿನ ರಸ್ತೆ ಚತುಷ್ಪಥವಾಗಿದೆ. ಹಿಂದೆ ಹರಟೆ ಹೊಡೆಯುತ್ತಲೇ ದಾಟುತ್ತಿದ್ದ ಜಾಗದಲ್ಲಿ ಡಿವೈಡರ್. ಹಂಚಿನ ಮನೆಗಳಿದ್ದ ಕಡೆ ಫ್ಲ್ಯಾಟು. ಕಲ್ಸಂಕದ ಟ್ರಾಫಿಕ್ ಬಗ್ಗೆ ಹೇಳುವುದೇ ಬೇಡ, ಇಳಿದು ನಡೆದರೇ ಬೇಗ.

ಗೆಳೆಯರು ಸಿಕ್ಕರಾ ಅಂತ ಕೇಳುತ್ತೀರಿ. ಸಿಕ್ಕರು. ಮಧ್ಯರಾತ್ರಿ ಕಳೆದ ಮೇಲೆ, ಪರ್ಯಾಯ ಮೆರವಣಿಗೆ ಹೊರಡುವ ಜೋಡುಕಟ್ಟೆಯಲ್ಲಿ ಸೇರುವುದೆಂದು ಗ್ರೂಪಿನಲ್ಲಿ ಮೊದಲೇ ತೀರ್ಮಾನವಾಗಿತ್ತು. ಗರ್ನಾಲಿನ ಸದ್ದು, ಟ್ಯಾಬ್ಲೋ, ಹುಲಿವೇಷ, ನಡುವೆ ಚಾ. ಖುಷಿಯಾಯಿತು, ಸುಳ್ಳಲ್ಲ. ಆದರೆ ಆಶ್ಚರ್ಯ ಆಗಲಿಲ್ಲ. ಯಾರ ಮಗಳ ಮದುವೆ ಯಾವಾಗ, ಯಾರಿಗೆ ಶುಗರ್, ಎಲ್ಲ ಮೊದಲೇ ಗೊತ್ತು. ಒಬ್ಬೊಬ್ಬರ ತಲೆ ಬೋಳಾಗಿದ್ದನ್ನು ಡಿಪಿಯಲ್ಲಿ ಹಂತ ಹಂತವಾಗಿ ನೋಡಿದ್ದೇನೆ. ವಾಟ್ಸಾಪ್ ಇರುವಾಗ ಹಳೆ ಗೆಳೆಯರು ಅಚಾನಕ್ಕಾಗಿ ಸಿಗುವುದೆಲ್ಲ ಮುಗಿದ ಕಥೆ ಅಂತ ನನ್ನ ಅಭಿಪ್ರಾಯ.

ಎದೆ ಧಸಕ್ಕೆಂದದ್ದು ಮಾರನೇ ದಿನ, ರಥಬೀದಿಯ ಹತ್ತಿರದ ಒಂದು ಹೋಟೆಲಿನಲ್ಲಿ. ಬನ್ಸ್ ತಿನ್ನುತ್ತಿದ್ದೆ. ಎದುರಿನ ಮೇಜಿನಲ್ಲಿ ಬಿಳಿ ಪಂಚೆ ಉಟ್ಟ ಒಬ್ಬರು ಒಬ್ಬರೇ ಕೂತಿದ್ದರು. ಮುಖ ಎಲ್ಲೋ ನೋಡಿದ್ದು. ಸಂಬಂಧಿಕರಾ? ಬ್ಯಾಂಕಿನವರಾ? ತಿಳಿಯಲಿಲ್ಲ. ಬಿಲ್ಲು ಬಂತು. ಅವರು ಕಿಸೆಯಿಂದ ನೋಟು ತೆಗೆದು, ಉದ್ದಕ್ಕೆ ಮಡಚಿ, ಎಡಗೈಯ ಎರಡು ಬೆರಳುಗಳ ನಡುವೆ ಸಿಕ್ಕಿಸಿ, ಚಿಲ್ಲರೆ ಎಣಿಸತೊಡಗಿದರು. ಅಷ್ಟೇ ಸಾಕಾಯಿತು. ನಮ್ಮ ಸಿಟಿ ಬಸ್ಸಿನ ಕಂಡಕ್ಟರ್! ಕಿಸೆ ಇದ್ದರೂ ನೋಟು ಬೆರಳಿಗೆ ಹೋಗುತ್ತದೆ ನೋಡಿ. ‘ಒಳಗೆ ಹೋಗಿ, ಒಳಗೆ ಜಾಗ ಉಂಟು’ ಅಂತ, ಸೂಜಿ ಹಾಕಲೂ ಜಾಗವಿಲ್ಲದ ಬಸ್ಸಿನೊಳಗೆ ನಮ್ಮನ್ನು ದಿನವೂ ತುರುಕುತ್ತಿದ್ದವರು.

ಹೋಗಿ ಮಾತನಾಡಿಸಿದೆ. ಒಂದು ಗಳಿಗೆ ನನ್ನನ್ನೇ ನೋಡಿದರು.

‘ನೀವು ಎಂಜಿಎಂ ಸ್ಟಾಪಿನವರಲ್ವಾ? ಒಳಗೆ ಬನ್ನಿ ಅಂದರೂ ಫುಟ್‌ಬೋರ್ಡಿನಲ್ಲೇ ನಿಲ್ಲುವ ಸೆಟ್ಟು.’

‘ಹೌದು, ಅದೇ.’

‘ಏಪ ಬತ್ತಿನಿ? ಏಪ ಪೋಪಿನಿ?’

ತುಳುವಿನಲ್ಲಿ ಕೇಳಿದ್ದು, ಯಾವಾಗ ಬಂದದ್ದು, ಯಾವಾಗ ಹೋಗುವುದು ಅಂತ. ಉಡುಪಿಯಲ್ಲಿ ಪರವೂರಿಂದ ಬಂದವನಿಗೆ ಬೇರೆ ಪ್ರಶ್ನೆಯೇ ಇಲ್ಲ. ಎಂತ ಕೆಲಸ, ಎಷ್ಟು ಸಂಬಳ, ಅದೆಲ್ಲ ಆಮೇಲೆ. ಅವರು ಕೆಲಸ ಬಿಟ್ಟು ವರ್ಷಗಳಾದವಂತೆ. ಮಂಡಿ ಹೋಗಿದೆ. ‘ಇಡೀ ಜನ್ಮ ನಿಂತೇ ಕಳೆದದ್ದಲ್ವಾ ಮಾರಾಯ್ರೇ’ ಎಂದು ನಕ್ಕರು. ಪರೀಕ್ಷೆಯ ದಿನ ನಮ್ಮವರು ಯಾರಾದರೂ ಓಡಿ ಬರುತ್ತಿದ್ದರೆ ಡ್ರೈವರನಿಗೆ ಸುಮ್ನೆ ಸೀಟಿ ಊದಿ ನಿಲ್ಲಿಸುತ್ತಿದ್ದರಂತೆ. ಹಿಂದಿನ ಬಸ್ಸಿನವನ ಕೈಯಲ್ಲಿ ಟೈಮಿಂಗ್ ತಪ್ಪಿತೆಂದು ಬೈಗುಳ ತಿನ್ನುತ್ತಿದ್ದದ್ದು ಇವರು. ನಮಗೆ ಇದೊಂದೂ ಗೊತ್ತೇ ಇರಲಿಲ್ಲ. ತುಂಬಾ ಹೊತ್ತು ಮಾತನಾಡಿದೆವು. ಹೊರಗೆ ಬಂದ ಮೇಲೆ ನೆನಪಾಯಿತು, ಹೆಸರು ಅವರೂ ಕೇಳಲಿಲ್ಲ, ನಾನೂ ಕೇಳಲಿಲ್ಲ.

ಆಮೇಲೆ ಅಂಥ ಮುಖಗಳನ್ನೇ ಹುಡುಕುತ್ತಾ ತಿರುಗಿದೆ. ಕ್ಸೆರಾಕ್ಸ್ ಅಂಗಡಿಯವರು ಇಲ್ಲ, ಅಂಗಡಿಯೂ ಇಲ್ಲ. ಹೂವಿನವರು ಕೂರುತ್ತಿದ್ದ ಜಾಗದಲ್ಲಿ ಮಾತ್ರ ಅದೇ ಮುಖ, ಅದೇ ಕೈಯಲ್ಲಿ ಶಂಕರಪುರ ಮಲ್ಲಿಗೆ ಚೆಂಡು. ಮಗಳಂತೆ. ಅಮ್ಮ ಮನೆಯಲ್ಲೇ ಕೂತು ಹೂ ಕಟ್ಟುತ್ತಾರಂತೆ, ಪೇಟೆಗೆ ಬರುವುದಿಲ್ಲ. ಹಿಂದೆ ನಮ್ಮ ಕ್ಲಾಸಿನ ಹುಡುಗಿಯರಿಗೆ ಅವರು ದುಡ್ಡಿಲ್ಲದೆಯೂ ಒಂದು ತುಂಡು ಹೂ ಕೊಡುತ್ತಿದ್ದರು. ಅದನ್ನು ಹೇಳಿದೆ. ‘ಈಗಿನ ರೇಟಿಗೆ ಆಗುವುದಿಲ್ಲ ಅಣ್ಣ’ ಎಂದು ಮಗಳು ನೇರವಾಗಿಯೇ ಹೇಳಿದಳು. ಸರಿಯೇ. ಹಬ್ಬದ ಸಮಯದಲ್ಲಿ ಮಲ್ಲಿಗೆ ದರ ಕೇಳಿದವರಿಗೆ ಗೊತ್ತು.

ಕಂಡಕ್ಟರರನ್ನು ಕೇಳಿಯೇ ಒಂದು ಫೋಟೋ ತೆಗೆದಿದ್ದೆ. ರಾತ್ರಿ ಗ್ರೂಪಿಗೆ ಹಾಕಿದೆ. ಗುಡ್ ಮಾರ್ನಿಂಗ್ ಹೂವಿನ ಚಿತ್ರ ಬಿಟ್ಟು ಬೇರೇನೂ ಬಾರದ ಗ್ರೂಪು ಅದು. ಐದು ನಿಮಿಷದಲ್ಲಿ ಗಲಾಟೆ. ಮಣಿಪಾಲ ಬಸ್ಸಿನವರು ಅಂತ ಒಬ್ಬ, ಅಲ್ಲ ಹಿರಿಯಡಕದ್ದು ಅಂತ ಇನ್ನೊಬ್ಬಳು. ಮೊನ್ನೆ ಜೋಡುಕಟ್ಟೆಯಲ್ಲಿ ಮಗ್ಗುಲಲ್ಲೇ ನಿಂತು ಆಕಳಿಸುತ್ತಿದ್ದವನು ಈಗ ಪ್ಯಾರಾಗಟ್ಟಲೆ ಬರೆಯುತ್ತಿದ್ದ. ವರ್ಷಗಳಿಂದ ತುಟಿ ಬಿಚ್ಚದ ದುಬಾಯಿಯ ಗೆಳೆಯನಿಂದಲೂ ಮೆಸೇಜು ಬಂತು. ಕಾಪು ಕಡೆಯ ಲಾಸ್ಟ್ ಬಸ್ಸಿನ ಡ್ರೈವರ್ ಎಲ್ಲಾದರೂ ಸಿಕ್ಕಿದರೆ ಕೇಳಬೇಕಂತೆ, ಸೀಟಿನಲ್ಲಿ ಮರೆತ ಅವನ ಕೊಡೆ ಇನ್ನೂ ಉಂಟಾ ಅಂತ.