ಒಂದು ಬಟನ್‌ಗೆ ಮೂರು ದಿನಾನಾ?

ಮದುವೆಯೋ ಗೃಹಪ್ರವೇಶವೋ ಇದ್ದರೆ ಸಾಕು, ಊಟದ ಪಂಕ್ತಿಯಲ್ಲಿ ಪಕ್ಕ ಕೂತವರಿಂದ ಈ ಪ್ರಶ್ನೆ ಬಂದೇ ಬರುತ್ತದೆ: "ಆ್ಯಪ್ ಡಿಸೈನ್ ಮಾಡ್ತೀಯಂತಲ್ಲ. ಅಂದ್ರೆ ಬಣ್ಣ ಹಾಕೋದು, ಬಟನ್ ಬಿಡಿಸೋದು ತಾನೆ? ಅದಕ್ಕೆ ದಿನವಿಡೀ ಆಫೀಸಲ್ಲಿ ಏನಮ್ಮಾ ಕೆಲಸ?" ಹೋದ ತಿಂಗಳು ಕೇಳಿದ್ದು ನನ್ನ ಸೋದರಮಾವ. ಒಂದು ಬಟನ್‌ಗೆ ಮೂರು ದಿನ ಹಿಡಿದಿತ್ತು ಅಂತ ಬಾಯಿತಪ್ಪಿ ಹೇಳಿಬಿಟ್ಟಿದ್ದೆ. ಹೋಳಿಗೆ ಮುಗಿಯುವಷ್ಟರಲ್ಲಿ ಉತ್ತರ ಮುಗಿಯಲಿಲ್ಲ, ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ.

ಬಣ್ಣ ಹಾಕುವುದು ನಿಜ. ವಾರಕ್ಕೆ ಅರ್ಧ ದಿನ ಇದ್ದೀತು. ಮಿಕ್ಕ ಹೊತ್ತೆಲ್ಲ ಜನ ಎಲ್ಲಿ ತಡವರಿಸುತ್ತಾರೆ ಅಂತ ನೋಡುವುದು, ಆ ಜಾಗದಲ್ಲಿರುವ ಮಾತನ್ನು ತಿದ್ದುವುದು, ಆಮೇಲೆ ತಿದ್ದಿದ್ದು ಯಾಕೆ ಅಂತ ಮೀಟಿಂಗಿನಲ್ಲಿ ನಾಲ್ಕು ಜನಕ್ಕೆ ಒಪ್ಪಿಸುವುದು.

ಆ ಮೂರು ದಿನದ ಬಟನ್ ಕಥೆ ಹೀಗೆ. ಹಿಂದೆ ನಾನಿದ್ದ ಕಂಪನಿಯ ಬಸ್ ಟಿಕೆಟ್ ಆ್ಯಪ್‌ಗೆ ಕನ್ನಡ ಸೇರಿಸಿದ್ದರು. ಮೆಜೆಸ್ಟಿಕ್ ಬಸ್ ನಿಲ್ದಾಣದಲ್ಲಿ ಒಬ್ಬ ಹಿರಿಯರ ಪಕ್ಕ ಕೂತು, ಅವರು ಅದನ್ನು ಹೇಗೆ ಬಳಸುತ್ತಾರೆ ಅಂತ ನೋಡುತ್ತಿದ್ದೆ. ಟಿಕೆಟ್ ರದ್ದು ಮಾಡಿ ತೋರಿಸಿ ಅಂದೆ. "ಟಿಕೆಟ್ ರದ್ದು ಮಾಡಬೇಕೆ?" ಅಂತ ಪೆಟ್ಟಿಗೆ ತೆರೆಯಿತು. ಕೆಳಗೆ ಎರಡು ಬಟನ್: "ರದ್ದು ಮಾಡಿ", "ಸರಿ". ಅವರು "ರದ್ದು ಮಾಡಿ" ಒತ್ತಿದರು. ಪೆಟ್ಟಿಗೆ ಮುಚ್ಚಿತು, ಟಿಕೆಟ್ ಹಾಗೇ ಉಳಿಯಿತು. ಮತ್ತೆ ಒತ್ತಿದರು. ಮತ್ತೆ ಅದೇ. ಮೂರನೇ ಸಲಕ್ಕೆ ಮೊಬೈಲ್ ನನ್ನ ಕೈಗಿಟ್ಟು, "ನಂಗೆ ಇದೆಲ್ಲ ಬರಲ್ಲ ಬಿಡಮ್ಮಾ" ಅಂದರು.

ಅವರಿಗೆ ಸರಿಯಾಗಿಯೇ ಬಂದಿತ್ತು, ಬರದೇ ಇದ್ದದ್ದು ನಮಗೆ. ಇಂಗ್ಲಿಷಿನಲ್ಲಿ ಆ ಜಾಗದಲ್ಲಿ "ಕ್ಯಾನ್ಸಲ್" ಅಂತ ಇತ್ತು. ಅಲ್ಲಿ ಅದರ ಅರ್ಥ "ಬೇಡ ಬಿಡು, ಹಿಂದಕ್ಕೆ ಹೋಗು". ಅನುವಾದಕರಿಗೆ ಕೊಟ್ಟಿದ್ದು ಎಕ್ಸೆಲ್ ಶೀಟು. ಒಂದು ಸಾಲಿನಲ್ಲಿ "ಕ್ಯಾನ್ಸಲ್" ಒಂದೇ ಪದ, ಅದು ಎಲ್ಲಿ ಕೂರುತ್ತದೆ ಅನ್ನುವ ಚಿತ್ರ ಇಲ್ಲ. ಪಾಪ, ಅವರಾದರೂ ಇನ್ನೇನು ಬರೆದಾರು? ಕೊನೆಗೆ ಬಟನ್‌ಗಳನ್ನು "ಹೌದು, ಟಿಕೆಟ್ ಬೇಡ" ಮತ್ತು "ಟಿಕೆಟ್ ಇರಲಿ" ಅಂತ ಮಾಡಿದೆವು. ಈ ಎರಡು ಮಾತು ಹುಡುಕಲು ಅರ್ಧ ಗಂಟೆ ಸಾಕಾಯಿತು. ಬಟನ್‌ನಲ್ಲಿ ಅಷ್ಟುದ್ದ ಹಿಡಿಸಲ್ಲ, ಒಂದೇ ಪದ ಇರಲಿ ಅಂತ ಹಟ ಹಿಡಿದವರನ್ನು ಒಪ್ಪಿಸಲು ಉಳಿದದ್ದೆಲ್ಲ ಹೋಯಿತು.

ಹೀಗೆ ಜನರ ಪಕ್ಕ ಕೂತು ನೋಡುವ ಪರೀಕ್ಷೆಗೆ ಐದು ಜನ ಸಾಕು ಅಂತ, ಬಳಕೆಯ ಸುಲಭತೆಯ ಬಗ್ಗೆ ಅಧ್ಯಯನ ಮಾಡುವ ಯಾಕೋಬ್ ನೀಲ್ಸನ್ 2000ನೇ ಇಸವಿಯಲ್ಲಿ ಬರೆದಿದ್ದರು. ಖರ್ಚು ಉಳಿಸಬೇಕಾದಾಗ ಮ್ಯಾನೇಜರುಗಳು ಇದನ್ನು ಮಂತ್ರದ ಹಾಗೆ ಹೇಳುತ್ತಾರೆ. ಆದರೆ ಐದು ಜನರಿಂದ ಸಿಕ್ಕಿದ್ದನ್ನು ತಿದ್ದಿ, ಮತ್ತೆ ಹೊಸ ಐದು ಜನರ ಮುಂದೆ ಇಡಿ ಅಂತಲೂ ಅದೇ ಬರಹದಲ್ಲಿದೆ. ಆ ಭಾಗ ಮಾತ್ರ ಯಾರಿಗೂ ನೆನಪಿರುವುದಿಲ್ಲ.

ಕನ್ನಡದ ಪರದೆಗೆ ಅದರದ್ದೇ ಕಾಟಗಳಿವೆ. ಇಂಗ್ಲಿಷ್ ಅಕ್ಷರದ ಅಳತೆಗೆ ಸಾಲಿನ ಎತ್ತರ ಗೊತ್ತುಮಾಡಿದ ಡಬ್ಬಿಯೊಳಗೆ ಕನ್ನಡ ತುಂಬಿದರೆ, ಒತ್ತಕ್ಷರದ ಕಾಲು ಕತ್ತರಿಸಿಹೋಗುತ್ತದೆ. ನಮ್ಮ ಬಿಲ್ಲಿನ ಪುಟದಲ್ಲಿ "ಒಟ್ಟು ಮೊತ್ತ" ಅನ್ನುವುದು ಹೆಚ್ಚುಕಡಿಮೆ "ಒಟು ಮೊತ" ಆಗಿ ಕಾಣುತ್ತಿತ್ತು. ಆರು ತಿಂಗಳು ಯಾರೂ ಗಮನಿಸಿರಲಿಲ್ಲ, ಯಾಕೆಂದರೆ ಆಫೀಸಿನಲ್ಲಿ ಎಲ್ಲರ ಮೊಬೈಲೂ ಇಂಗ್ಲಿಷಿನಲ್ಲಿ. ಸಾಲಿನ ಎತ್ತರ 20 ಇದ್ದದ್ದನ್ನು 26 ಮಾಡಿದ ಮೇಲೆ ಒತ್ತು ಮರಳಿ ಬಂತು. ನೋಡುವವರಿಗೆ ಇದು ಕೆಲಸ ಅಂತಲೇ ಅನ್ನಿಸುವುದಿಲ್ಲ, ಅದೂ ಸರಿಯೇ.

ಬಣ್ಣದ ವಿಷಯಕ್ಕೂ ಬರುತ್ತೇನೆ. ಬಿಳಿ ಮೇಲೆ ತೆಳು ಬೂದು ಅಕ್ಷರ ಎಸಿ ರೂಮಿನ ದೊಡ್ಡ ಮಾನಿಟರಿನಲ್ಲಿ ಬಲು ನಾಜೂಕು. ಮಧ್ಯಾಹ್ನದ ಬಿಸಿಲಲ್ಲಿ, ಗೀಚುಬಿದ್ದ ಮೊಬೈಲಿನಲ್ಲಿ ಅದು ಇಲ್ಲವೇ ಇಲ್ಲ. ಸಾಮಾನ್ಯ ಗಾತ್ರದ ಅಕ್ಷರಕ್ಕೂ ಹಿನ್ನೆಲೆಗೂ ಕನಿಷ್ಠ 4.5:1 ಕಾಂಟ್ರಾಸ್ಟ್, ಅಂದರೆ ಹೊಳಪಿನ ಅಂತರ, ಇರಬೇಕು ಅಂತ ಡಬ್ಲ್ಯುಸಿಎಜಿ (ಕಣ್ಣು ಮಂದ ಇರುವವರೂ ಸೇರಿ ಎಲ್ಲರೂ ವೆಬ್ ಬಳಸುವಂತಿರಲಿ ಅಂತ ಮಾಡಿದ ಮಾರ್ಗಸೂಚಿ) ಹೇಳುತ್ತದೆ. ಆದ್ದರಿಂದ ನನ್ನ ಬಣ್ಣ ಹಾಕುವ ಅರ್ಧ ದಿನವೂ ಬಹುಪಾಲು ಲೆಕ್ಕ ನೋಡುವುದರಲ್ಲೇ ಕಳೆಯುತ್ತದೆ.

ಉಳಿದಂತೆ ಆ್ಯಪಿನ ಪುಟಗಳನ್ನು ಬಿಡಿಸುವ ಫಿಗ್ಮಾ ಅನ್ನುವ ಸಾಫ್ಟ್‌ವೇರ್ ಮುಂದೆ ಕೂರುತ್ತೇನೆ. ಒಂದು ಪುಟ ಅಂದರೆ ಒಂದೇ ಚಿತ್ರ ಅಲ್ಲ: ನೆಟ್‌ವರ್ಕ್ ಹೋದರೆ ಹೇಗೆ, ದುಡ್ಡು ಕಟ್ ಆಗಿ ಟಿಕೆಟ್ ಬರದಿದ್ದರೆ ಏನು ಹೇಳಬೇಕು, ಆ ದಾರಿಗೆ ಬಸ್ಸೇ ಇಲ್ಲದಿದ್ದರೆ ಏನು ತೋರಿಸಬೇಕು. ಬಾಸ್‌ಗೆ ತೋರಿಸುವ ಚಿತ್ರದಲ್ಲಿ ಇದ್ಯಾವುದೂ ಇರುವುದಿಲ್ಲ. ದುಡ್ಡು ಸಿಕ್ಕಿಹಾಕಿಕೊಂಡಾಗ ಬರುವ ಆ ಒಂದು ಸಾಲಿಗೆ ನಾನು ಮುಖಪುಟಕ್ಕಿಂತ ಹೆಚ್ಚು ತಲೆ ಕೆಡಿಸಿಕೊಳ್ಳುತ್ತೇನೆ. "ಏನೋ ತಪ್ಪಾಗಿದೆ" ಅಂತ ಬರೆದು ಕೈತೊಳೆದುಕೊಂಡರೆ, ಆ ಮನುಷ್ಯ ಸ್ಟ್ಯಾಂಡಿನಲ್ಲಿ ನಿಂತು ಮತ್ತೊಮ್ಮೆ ದುಡ್ಡು ಕಟ್ಟಬೇಕೋ ಬೇಡವೋ?

ಮಾವನಿಗೆ ಇಷ್ಟೆಲ್ಲ ಹೇಳಲಿಲ್ಲ. ಕೈ ತೊಳೆದು ಬಂದವರೇ, "ಹೋಗ್ಲಿ, ಈಗ ಮಾಡ್ತಿರೋ ನಿಮ್ಮ ಆ್ಯಪ್ ಹಾಕಿ ತೋರ್ಸು" ಅಂತ ಮೊಬೈಲ್ ಕೊಟ್ಟರು. ಕನ್ನಡಕ ಹುಡುಕುವ ಗೋಳು ಬೇಡ ಅಂತ ಅಕ್ಷರಗಳನ್ನು ಅತಿ ದೊಡ್ಡದು ಮಾಡಿಟ್ಟುಕೊಂಡಿದ್ದಾರೆ. ಆ್ಯಪ್ ತೆರೆದೆ, ಹೆಸರು ಹಾಕಿದೆ. ಕೆಳಗೆ ನಾನೇ ಇಟ್ಟಿದ್ದ ಬಟನ್, "ಮುಂದುವ…" ಅಂತ ಅಲ್ಲಿಗೇ ನಿಂತಿತ್ತು.

"ಇದೇನಿದು?" ಅಂದರು ಮಾವ.

"ಸೋಮವಾರದ ಕೆಲಸ ಮಾವ" ಅಂದೆ, ಸ್ಕ್ರೀನ್‌ಶಾಟ್ ತೆಗೆದುಕೊಂಡೆ.